ನಲವತ್ತೊಂದು ಲೋಟ ಹಾಲು

ಮೊದಲ ಪುಟ (ಮಾರ್ಚಿನಲ್ಲಿ ಖಾಲಿ ಬಿಟ್ಟದ್ದು, ತುಂಬಿದ್ದು ಜುಲೈ 27, ಭಾನುವಾರ)

ಯಾವ ಪುಸ್ತಕ ಶುರು ಮಾಡಿದರೂ ಮೊದಲ ಪುಟ ಖಾಲಿ ಬಿಡುವುದು ನನ್ನ ಚಾಳಿ. ಒಟ್ಟು ಮೊತ್ತ ಗೊತ್ತಾಗುವುದು ಕೊನೆಗೆ, ಆದರೆ ಪುಸ್ತಕ ತೆರೆದವನು ಮೊದಲು ಹುಡುಕುವುದು ಅದನ್ನೇ. ಈ ಪುಸ್ತಕ ತೆರೆಯುವವನು ನಾನೊಬ್ಬನೇ. ಆದರೂ ಇರಲಿ.

ನನ್ನ ಹೆಂಡತಿಯ ಕಾಯಿಲೆಗೆ ಆದ ಖರ್ಚು. ಆಪರೇಷನ್ನಿಗೆ ಎರಡು ಮನೆ ಮಾರಿಸಿದ ಕಮಿಷನ್. ಆರು ಕೀಮೋಗೆ ಮೂರು ಮನೆ ಮತ್ತು ಒಂದು ಗೋದಾಮು. ರಕ್ತ ಪರೀಕ್ಷೆ, ಸ್ಕ್ಯಾನು, ಕ್ಯಾಂಟೀನಿನ ಚಹಾ ಎಲ್ಲ ಸೇರಿ ಆರು ಬಾಡಿಗೆ ಮನೆ. ಕಾರಿಡಾರಿನ ಕೊನೇ ಕೋಣೆಯ ಸೂಜಿ, ಉಸಿರಾಟದ ಪಾಠ, ಕಾಲು ನೀವುವುದು ಆಸ್ಪತ್ರೆಯ ಬಿಲ್ಲಿನೊಳಗೇ ಬಂತು, ಬೇರೆ ಕೊಡಲಿಲ್ಲ. ಅವಳ ಕೂದಲು. ನಾಲ್ಕನೇ ಕೀಮೋಗೆ ಆದ ನಾಲ್ಕು ವಾರದ ತಡ. ಮಾತಿಲ್ಲದ ಇಪ್ಪತ್ತೆರಡು ದಿನ.

ಪುಡಿ, ಪುಕ್ಕಟೆ. ಇಡೀ ಲೆಕ್ಕದಲ್ಲಿ ದುಬಾರಿ ಬಿದ್ದದ್ದು ಅದೇ.

ಮಾರ್ಚ್ 4, ಮಂಗಳವಾರ

ಇವತ್ತು ಮೊದಲ ಕೀಮೋ. ಗಡ್ಡೆ ತೆಗೆದಾಗಿದೆ, ಇನ್ನು ಮೂರು ವಾರಕ್ಕೊಂದರಂತೆ ಆರು. ಒಳಗೆ ಬಿಡುವುದಿಲ್ಲ. ಕಾರಿಡಾರಿನಲ್ಲಿ ಹನ್ನೆರಡು ಕುರ್ಚಿ, ಅದರಲ್ಲಿ ಮೂರಕ್ಕೆ ಕಾಲು ಸಡಿಲ. ನಾಲ್ಕು ಗಂಟೆ ಕೂರಬೇಕು. ಕೂತು ಮಾಡುವುದೇನು ಅಂತ ಕೆಳಗಿನ ಅಂಗಡಿಯಲ್ಲಿ ಈ ಪುಸ್ತಕ ಕೊಂಡೆ.

ನಾನು ಮನೆ ದಲ್ಲಾಳಿ. ಮಾತೇ ಬಂಡವಾಳ. ಸುಣ್ಣ ಉದುರುವ ಗೋಡೆಯನ್ನೂ ಗಾಳಿಯಾಡುವ ಗೋಡೆ ಅಂತ ಮಾರಿಸಿದವನು. ಫೋನಿನಲ್ಲಿ ಎರಡು ಸಾವಿರ ನಂಬರಿವೆ. ಇವತ್ತು ಯಾರಿಗಾದರೂ ಮಾಡೋಣ ಅಂತ ತೆಗೆದರೆ ಕಂಡದ್ದು ‘ಮೂಲೆ ಮನೆ ಮೂರು ಕೋಣೆ’, ‘ಎರಡನೇ ಮಹಡಿ ಲಿಫ್ಟಿಲ್ಲ’, ‘ನೀರಿನ ತಕರಾರು’. ನೀರಿನ ತಕರಾರಿಗೆ ಫೋನ್ ಮಾಡಿ ನನ್ನ ಹೆಂಡತಿಗೆ ಹೀಗಾಗಿದೆ ಅಂತ ಹೇಗೆ ಹೇಳುವುದು. ಮತ್ತೆ ಜೇಬಿಗಿಟ್ಟೆ.

ಸೇರಿಸಿಕೊಳ್ಳುವಾಗ ನರ್ಸ್ ಫಾರಂ ಹಿಡಿದು, ಮನೆಯಲ್ಲಿ ಪುಡಿ, ಕಷಾಯ, ಲೇಹ್ಯ ಏನಾದರೂ ನಡೆಯುತ್ತಿದೆಯಾ ಅಂತ ಕೇಳಿದಳು. ಪ್ರಶ್ನೆ ಇವಳಿಗೆ, ಉತ್ತರ ಕೊಟ್ಟದ್ದು ನಾನು. ಇಲ್ಲ ಅಂದೆ. ಇವಳು ಟೈಲರ್. “ಒಂದು ಬಟ್ಟೆಗೆ ಒಂದೇ ಕತ್ತರಿ ಸಿಸ್ಟರ್” ಅಂದಳು. ನರ್ಸ್ ನಕ್ಕು ಬರೆದುಕೊಂಡಳು.

ಮಾರ್ಚ್ 25, ಮಂಗಳವಾರ

ಎರಡನೆಯದು. ಕಳೆದ ಸಲ ಐದು ದಿನ ವಾಂತಿ, ಜೊತೆಗೆ ಬೆರಳ ತುದಿ ಜೋಮು. ಸೂಜಿಗೆ ದಾರ ಪೋಣಿಸಲಾಗದೆ ಅರ್ಧ ಹೊಲಿದ ಕುಪ್ಪಸ ಮಿಷನ್ನಿನ ಮೇಲೇ ಬಿದ್ದಿದೆ. ಡಾಕ್ಟರಮ್ಮ ಕೇಳಿ, ಕೀಮೋ ಮುಗಿದ ಮೇಲೆ ಕೊನೇ ಕೋಣೆಗೆ ಕಳಿಸಿದರು. ಅದೂ ಆಸ್ಪತ್ರೆಯದೇ. ಔಷಧದ ಜೊತೆಗೆ ನಡೆಯುವ ಚಿಕಿತ್ಸೆಯಂತೆ, ಔಷಧದ ಬದಲಿಗಲ್ಲವಂತೆ. ಮಣಿಕಟ್ಟಿಗೆ, ಪಾದಕ್ಕೆ ಕೂದಲಿನಂಥ ಸೂಜಿ ಚುಚ್ಚುತ್ತಾರೆ, ಉಸಿರು ಬಿಡಿಸುತ್ತಾರೆ, ಕಾಲು ನೀವುತ್ತಾರೆ. ಅಲ್ಲಿನ ನರ್ಸ್ ದಪ್ಪನೆಯ ಹೆಂಗಸು, ಮಾತಿಗೊಮ್ಮೆ “ಉಸಿರು ಬಿಡಿ” ಅನ್ನುತ್ತಾಳೆ. ಕುರ್ಚಿಯವರೆಲ್ಲ ಅವಳಿಗೆ ಇಟ್ಟ ಹೆಸರು ಉಸಿರು ಸಿಸ್ಟರ್.

ನಾನು ಕೇಳಿದ್ದು ಒಂದೇ, ಇದಕ್ಕೆಷ್ಟು? ಏನೂ ಇಲ್ಲ ಅಂದಳು. ಹಾಗಾದರೆ ಏನೂ ಇಲ್ಲ ಅಂತ ಲೆಕ್ಕ ಹಾಕಿದೆ.

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿಂದ ನಗು ಕೇಳಿತು. ಇವಳದೇ. ಜೀವಮಾನವೆಲ್ಲ ಬಟ್ಟೆಗೆ ಚುಚ್ಚಿದ್ದಕ್ಕೆ ಸೂಜಿಗಳು ಸೇಡು ತೀರಿಸಿಕೊಳ್ಳುತ್ತಿವೆ ಅಂದಳಂತೆ. ಈ ಜೋಕು ನನಗೆ ಹೇಳಿರಲಿಲ್ಲ. ಆಪರೇಷನ್ ಆದಾಗಿನಿಂದ ಮನೆಯಲ್ಲಿ ನಕ್ಕದ್ದು ನೆನಪಿಲ್ಲ. ಬಾಗಿಲ ಈಚೆ ಸಡಿಲ ಕುರ್ಚಿಯ ಮೇಲೆ ಕೂತು, ಇವಳಿಗಾಗಿ ನಾನು ಏನು ಮಾಡಿದ್ದೇನೆ ಅಂತ ಲೆಕ್ಕ ಹಾಕಿದೆ. ದುಡ್ಡು ಬಿಟ್ಟರೆ ಎರಡನೇ ಸಾಲಿಗೆ ಬರೆಯಲು ಏನೂ ಸಿಗಲಿಲ್ಲ.

ಮಾರ್ಚ್ 27, ಗುರುವಾರ

ಎರಡನೇ ಸಾಲು ಸಿಕ್ಕಿತು.

ಹಿಂದೊಮ್ಮೆ ನಿವೃತ್ತ ಮೇಷ್ಟ್ರೊಬ್ಬರಿಗೆ ಬಾಡಿಗೆ ಮನೆ ಹಿಡಿದುಕೊಟ್ಟಿದ್ದೆ. ಅವರು ತಾಯಿಯಿಂದ ಕಲಿತ ಬೇರುಪುಡಿ ಕೊಡುತ್ತಾರೆ, ಕಾಸು ಮುಟ್ಟುವುದಿಲ್ಲ. ಎಲ್ಲರ ಬಾಯಲ್ಲೂ ಪುಡಿ ಮೇಷ್ಟ್ರು. ಹಾಜರಿ ಕೂಗಲು ನಿಲ್ಲಿಸಿದ ಮಕ್ಕಳ ಹಾಗೆ ಡಬ್ಬಿಗಳು ಸಾಲಾಗಿವೆ, ಒಂದೊಂದಕ್ಕೂ ನಂಬರು. ಹೆಂಗಸಿಗೆ ನಿಶ್ಶಕ್ತಿ, ಊಟ ಸೇರುವುದಿಲ್ಲ ಅಂದೆ. ಆಸ್ಪತ್ರೆಯ ಔಷಧ ನಡೆಯುತ್ತಿದೆಯಾ ಅಂತ ಕನ್ನಡಕದ ಮೇಲಿಂದ ನೋಡಿ ಕೇಳಿದರು. ಇಲ್ಲ ಅಂದೆ.

ಸುಳ್ಳಲ್ಲ ಅದು, ಕಸುಬು. ಮೂವತ್ತು ವರ್ಷದಲ್ಲಿ ನಾನು ಮುರಿಯದ ನಿಯಮ ಒಂದೇ: ಕೊಳ್ಳುವವನಿಗೆ ಮಾರುವವನ ಮುಖ ತೋರಿಸಬಾರದು. ಇಬ್ಬರೂ ಎದುರಾಬದುರು ಕೂತು ಮಾತಾಡಿಕೊಂಡರೆ ನಡುವಿನವನಿಗೆ ಕೆಲಸವೇನು? ಆಸ್ಪತ್ರೆ ಒಂದು ಕಡೆ, ಮೇಷ್ಟ್ರು ಒಂದು ಕಡೆ. ಎರಡೂ ಕಡೆಯ ಲಾಭ ತಂದು ಇವಳಿಗೆ ಮುಟ್ಟಿಸುವವನು ನಾನು.

ಇವಳಿಗೂ ಹೇಳುವಂತಿಲ್ಲ. ಒಂದು ಬಟ್ಟೆ, ಒಂದು ಕತ್ತರಿ. ಹಾಗಾಗಿ ಬೆಳಿಗ್ಗೆ ನಾನೇ ಹಾಲು ಕಾಯಿಸಿ, ಪುಡಿ ಕದಡಿ, ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಲೋಟ ನೋಡಿದಳು, ನನ್ನ ನೋಡಿದಳು, ಕುಡಿದಳು.

ಏಪ್ರಿಲ್ 2, ಬುಧವಾರ

ಹಾಲು ಕಾಯಿಸುವುದರಲ್ಲಿ ಪಳಗಿದೆ. ಈಗ ಉಕ್ಕುವುದಿಲ್ಲ. ಒಂದು ಚಪಾತಿ ಹೆಚ್ಚು ತಿಂದಳು. ಪುಡಿಯದೇ ಕೆಲಸ. ಯಾರಿಗೂ ಹೇಳಿಕೊಳ್ಳುವಂತಿಲ್ಲ ಅನ್ನುವುದೊಂದೇ ಕೊರತೆ.

ಏಪ್ರಿಲ್ 15, ಮಂಗಳವಾರ

ಮೂರನೆಯದು. ರಕ್ತದಲ್ಲಿ ಲಿವರಿನ ಅಂಕಿ ಸ್ವಲ್ಪ ಏರಿದೆಯಂತೆ. ಕೀಮೋದಲ್ಲಿ ಹೀಗಾಗುವುದುಂಟು, ನೋಡೋಣ ಅಂದರು ಡಾಕ್ಟರಮ್ಮ. ಫಾರಮ್ಮಿನವಳು ಮತ್ತೆ ಕೇಳಿದಳು, ಪುಡಿ, ಕಷಾಯ? ಇವಳು ಚಪ್ಪಲಿ ಬಿಚ್ಚುತ್ತಿದ್ದಳು. ನಾನು ಇಲ್ಲ ಅಂದೆ. ಮಾರ್ಚಿನಲ್ಲಿ ಅಂದ ಇಲ್ಲಕ್ಕೂ ಇದಕ್ಕೂ ದನಿಯಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಕಸುಬು ಕೈಬಿಟ್ಟಿಲ್ಲ.

ಮೇ 6, ಮಂಗಳವಾರ

ನಾಲ್ಕನೆಯದು ನಿಂತಿತು. ಲಿವರಿನ ಅಂಕಿ ಐದು ಪಟ್ಟು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. ಕಾಯಿಲೆ ಲಿವರಿಗೆ ಇಳಿದಿರಬಹುದು, ಔಷಧ ಒಗ್ಗದೆಯೂ ಇರಬಹುದು. ಮುಂದಿನ ಗುರುವಾರ, ಹದಿನೈದಕ್ಕೆ, ಲಿವರಿಗೆ ಸೂಜಿ ಹಾಕಿ ಚೂರು ತೆಗೆದು ನೋಡುತ್ತಾರೆ. ಆಮೇಲೆ ಔಷಧ ಬದಲಿಸಬೇಕಾದೀತು. ಬದಲಿ ಔಷಧ ಇದರಷ್ಟು ಗಟ್ಟಿಯದಲ್ಲ ಅಂತ ಅವರಾಗಿ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೌದು ಅಂದರು.

ಇವಳು ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಳು.

ಮೇ 7, ಬುಧವಾರ

ಇವತ್ತು ಹಾಲಿಗೆ ಪುಡಿ ಹಾಕಲಿಲ್ಲ.

“ಇವತ್ತು ಯಾಕೋ ಸಪ್ಪೆ” ಅಂದಳು.

ಲೆಕ್ಕ ಹಾಕಿದೆ. ಮಾರ್ಚ್ 27ರಿಂದ ನಿನ್ನೆಯವರೆಗೆ ನಲವತ್ತೊಂದು ಲೋಟ. ನಿಲ್ಲಿಸಿದ್ದೇನೆ. ಅಂಕಿ ತಾನಾಗಿ ಇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಎಂಟು ದಿನದಲ್ಲಿ ಇಳಿಯಬೇಕು, ಅಷ್ಟೆ.

ಮೇ 9, ಶುಕ್ರವಾರ

ಸಂತೆಬೀದಿಯ ಟೈಲರ್ ಹೆಂಗಸನ್ನು ಮನೆಗೆ ಕರೆಸಿ ಇವಳು ತನ್ನ ಅಳತೆ ಪುಸ್ತಕ ಕೊಟ್ಟುಬಿಟ್ಟಳು. ಇಪ್ಪತ್ತೈದು ವರ್ಷದ ಗಿರಾಕಿಗಳ ಎದೆ, ತೋಳು, ಭುಜ ಎಲ್ಲ ಅದರಲ್ಲಿದೆ. ಯಾರಿಗೆ ಎಡ ಭುಜ ಇಳಿಜಾರು, ಯಾರಿಗೆ ಬಿಗಿ ಅಂದರೆ ಆಗುವುದಿಲ್ಲ ಅಂತ ಒಬ್ಬೊಬ್ಬರದಾಗಿ ಹೇಳಿಕೊಟ್ಟಳು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಆ ಹೆಂಗಸು, ಅಕ್ಕಾ ನೀವು ವಾಪಸು ಕೂರ್ತೀರಿ ಬಿಡಿ ಅಂದಳು. ಇವಳು, ಆಯ್ತು ಬಿಡು, ಮೊದಲು ಪುಟ ತಿರುಗಿಸು ಅಂದಳು.

ಇವಳು ಸಾಯುವುದಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದಾಳೆ. ನಾನು ಅಂಕಿ ಇಳಿಯುವುದನ್ನು ಕಾಯುತ್ತಿದ್ದೇನೆ.

ಮೇ 10, ಶನಿವಾರ

ಮೇಷ್ಟ್ರ ಮನೆಗೆ ಹೋದೆ. ಈ ಪುಡಿಯಿಂದ ಲಿವರಿಗೆ ಏನಾದರೂ ಆಗುವುದುಂಟಾ ಅಂತ ಸುತ್ತಿ ಬಳಸಿ ಕೇಳಿದೆ. ಅವರು ಸುತ್ತಿ ಬಳಸುವವರಲ್ಲ. ಬೇರೆ ಏನು ನಡೆಯುತ್ತಿದೆ ಅಂತ ಕೇಳಿದರು. ಮೂರು ಕೀಮೋ ಆಗಿದೆ ಅಂದೆ.

ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೆ ನಿಭಾಯಿಸುತ್ತಿದ್ದೆ.

“ನಾನು ಕೇಳಿದ್ದೆನಲ್ಲಪ್ಪಾ” ಅಂದರು. “ಕೇಳಿದ್ದೆ ತಾನೇ?”

ಹೌದು ಅಂದೆ. ಪುಡಿಯಲ್ಲಿರುವ ಏಳು ಬೇರುಗಳ ಹೆಸರನ್ನು ದುಂಡಗೆ ಬರೆದು, ಯಾವುದು ಎಷ್ಟು ಅಂತ ತೂಕ ಹಾಕಿ, ಕೆಳಗೆ ಸಹಿ ಮಾಡಿದರು. ಇದನ್ನು ತಗೊಂಡು ಹೋಗಿ ಡಾಕ್ಟರಿಗೆ ಕೊಡು ಅಂದರು. ಮತ್ತೆ ಚೀಟಿ ಹಿಂದಕ್ಕೆ ತೆಗೆದುಕೊಂಡು, ಬೇಡ, ನಿನ್ನ ಕೈಯಲ್ಲಿ ಕೊಡುವುದಿಲ್ಲ, ನಾನೇ ಬರುತ್ತೇನೆ, ಮಂಗಳವಾರ ಅಂದರು. ಮೂವತ್ತು ವರ್ಷದಲ್ಲಿ ನನ್ನ ಕೈಗೆ ಕಾಗದ ಕೊಡಲು ಹೆದರಿದವರು ಇವರೊಬ್ಬರೇ.

ಮಂಗಳವಾರದೊಳಗೆ ಇವಳಿಗೆ ಹೇಳಬೇಕು.

ಮೇ 12, ಸೋಮವಾರ

ಹೇಳಿದೆ.

ಮೂರು ಥರ ಸಿದ್ಧ ಮಾಡಿಕೊಂಡಿದ್ದೆ. ಮೊದಲನೆಯದರಲ್ಲಿ ಮೇಷ್ಟ್ರ ತಪ್ಪು, ಎರಡನೆಯದರಲ್ಲಿ ಪ್ರೀತಿಯ ತಪ್ಪು, ಮೂರನೆಯದರಲ್ಲಿ ಯಾರದೂ ತಪ್ಪಿಲ್ಲ. ಇವಳು ಮಿಷನ್ನಿನ ಪಕ್ಕ ಕೂತು ಗುಂಡಿಗಳನ್ನು ಬಣ್ಣವಾರು ಬೇರೆ ಮಾಡುತ್ತಿದ್ದಳು. ಬೆರಳಿಗೆ ಹಿಡಿತ ಸಿಗದೆ ಗುಂಡಿಗಳು ಜಾರುತ್ತಿದ್ದವು. ಮೂರೂ ಮರೆತುಹೋಯಿತು. ಹಾಲಿಗೆ ಪುಡಿ ಹಾಕಿದ್ದೆ, ಅದರಿಂದಲೇ ಹೀಗಾಗಿರಬಹುದು, ಆಸ್ಪತ್ರೆಯಲ್ಲಿ ಕೇಳಿದಾಗ ಮುಚ್ಚಿಟ್ಟೆ ಅಂದೆ. ಇಷ್ಟು ಗಿಡ್ಡದಾಗಿ ನಾನು ಯಾವತ್ತೂ ಮಾತಾಡಿಲ್ಲ.

“ಎಷ್ಟು ದಿನ?”

“ನಲವತ್ತೊಂದು.”

ಗುಂಡಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ತಳದಲ್ಲಿ ಕಂದು ಉಳೀತಿತ್ತು. ಬೆಲ್ಲ ಅಂದ್ಕೊಂಡಿದ್ದೆ” ಅಂದಳು. ಆಮೇಲೆ, “ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಇವರು ನನಗೆ ಹಾಲು ಕಾಯಿಸಿ ಕೊಡ್ತಾರೆ ಅಂತ ಆ ಸಿಸ್ಟರ್ ಹತ್ರ ಹೇಳ್ಕೊಂಡೆ. ತಂಗಿ ಹತ್ರ ಹೇಳ್ಕೊಂಡೆ. ಹೊಟ್ಟೆ ತೊಳಸ್ತಿದ್ರೂ ಕುಡಿದೆ ಕಣ್ರೀ. ನಿಮಗೆ ಬೇಜಾರಾಗಬಾರದು ಅಂತ.”

ಅಷ್ಟೇ ಅಂದದ್ದು. ಎದ್ದು ಹೋಗಿ ತಂಗಿಗೆ ಫೋನ್ ಮಾಡಿ, ನಾಳೆ ಆಸ್ಪತ್ರೆಗೆ ನೀನು ಬಾ ಅಂದಳು.

ಮೇ 13, ಮಂಗಳವಾರ

ಅಕ್ಕ ತಂಗಿ ಮುಂದೆ, ನಾನು ಮೇಷ್ಟ್ರು ಹಿಂದೆ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಪುಡಿಯ ಡಬ್ಬಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. ಡಾಕ್ಟರಮ್ಮ ಕೂಗಾಡುತ್ತಾರೆ ಅಂತ ಕಾದೆ. ಕುರ್ಚಿ ಎಳೆದು ಮೇಷ್ಟ್ರನ್ನು ಕೂರಿಸಿದರು. ಉಸಿರು ಸಿಸ್ಟರನ್ನೂ ಕರೆಸಿದರು. ಚೀಟಿ ಇಟ್ಟುಕೊಂಡು ಒಂದೊಂದು ಬೇರಿನ ಬಗ್ಗೆ ಅರ್ಧ ಗಂಟೆ ಮಾತು. ಮೂರನೇ ಬೇರಿನ ಹತ್ತಿರ ಡಾಕ್ಟರಮ್ಮನ ಪೆನ್ನು ನಿಂತಿತು. ಅದು ಕೀಮೋ ಔಷಧದ ಜೊತೆ ಸೇರಿದರೆ ಲಿವರಿಗೆ ಹೊರೆ ಹೆಚ್ಚಬಹುದು, ಇದರಿಂದಲೇ ಅಂತ ಖಚಿತವಾಗಿ ಹೇಳಲಾರೆ, ನಿಲ್ಲಿಸಿ ಒಂದು ವಾರವಾಗಿದೆಯಲ್ಲ, ರಕ್ತ ನೋಡೋಣ ಅಂದರು. ಮೇಷ್ಟ್ರು, ಇದು ನನಗೆ ತಿಳಿದಿರಲಿಲ್ಲ, ಬರೆದುಕೊಳ್ಳುತ್ತೇನೆ ಅಂದರು. ಪೆನ್ನನ್ನು ಡಾಕ್ಟರಮ್ಮನಿಂದಲೇ ಇಸಿದುಕೊಂಡರು.

ಸಂಜೆಯ ಹೊತ್ತಿಗೆ ಅಂಕಿ ಬಂತು. ಇಳಿದಿದೆ. ಐದು ಪಟ್ಟು ಇದ್ದದ್ದು ಮೂರೂವರೆ. ಗುರುವಾರದ ಸೂಜಿ ಬೇಡ, ಅದೇ ಔಷಧ ಮುಂದುವರಿಸಬಹುದು, ಅಂಕಿ ಸರಿಹೋಗುವ ತನಕ ಕಾಯೋಣ ಅಂದರು.

ಎರಡು ಪಾರ್ಟಿ ಎದುರಾಬದುರು ಕೂತು ಮಾತಾಡಿ ಮುಗಿಸಿದವು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಮೇ 14, ಬುಧವಾರ

ಬೆಳಿಗ್ಗೆ ಅವಳೇ ಹಾಲು ಕಾಯಿಸಿಕೊಂಡಳು. ಕುಡಿಯುವ ನೀರನ್ನು ಬಾಟಲಿಗೆ ತುಂಬಿ ಮುಚ್ಚಳ ತಿರುಗಿಸಿ ತಲೆದೆಸೆಗೆ ಇಟ್ಟುಕೊಂಡಳು.

ಮೇ 19, ಸೋಮವಾರ

ಮಾತಿಲ್ಲ. ಬೇಕಾದ್ದನ್ನು ತಂಗಿಗೆ ಹೇಳುತ್ತಾಳೆ, ತಂಗಿ ನನಗೆ ಹೇಳುತ್ತಾಳೆ. ಭಾವ, ಸೋಪು ಮುಗಿದಿದೆಯಂತೆ. ಭಾವ, ಕಿಟಕಿ ಹಾಕಬೇಕಂತೆ. ನಡುವಿನವರು ಇದ್ದರೆ ಹೀಗಿರುತ್ತದೆ.

ಮೇ 28, ಬುಧವಾರ

ಒಂದು ಮನೆಯ ವ್ಯವಹಾರವಿತ್ತು. ಕೊಳ್ಳುವವರನ್ನೂ ಮಾರುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಸೋರುವ ಜಾಗ ತೋರಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕಮಿಷನ್ ಅರ್ಧಕ್ಕೆ ಇಳಿಯಿತು. ತಲೆ ಸರಿ ಇರಲಿಲ್ಲ, ಅಷ್ಟೆ.

ಮನೆಗೆ ಬಂದರೆ ಅಕ್ಕ ತಂಗಿ ಒಳಗೆ ಮಾತಾಡುತ್ತಿದ್ದರು. ನನ್ನ ಚಪ್ಪಲಿ ಸದ್ದಾದ ಕೂಡಲೆ ನಿಂತಿತು. ಮತ್ತೆ ಚಪ್ಪಲಿ ಮೆಟ್ಟಿ ಬಸ್‌ಸ್ಟಾಪಿನವರೆಗೆ ಹೋಗಿ ಒಂದು ಗಂಟೆ ಕೂತು ಬಂದೆ. ಮಾತು ಮುಗಿಸಿಕೊಳ್ಳಲಿ.

ಜೂನ್ 3, ಮಂಗಳವಾರ

ಅಂಕಿ ಸರಿಹೋಯಿತು. ನಾಲ್ಕನೇ ಕೀಮೋ ಆಯಿತು. ಫಾರಮ್ಮಿನವಳು ಈಗ ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳುತ್ತಾಳೆ.

ಬಸ್ಸಿನಲ್ಲಿ ಅಂದಳು, “ಜಾಗ ಇದೆಯಲ್ಲ, ಕೂತ್ಕೊಳ್ಳಿ. ಯಾಕೆ ನಿಂತಿದ್ದೀರಿ.”

ಕೂತೆ.

ಜೂನ್ 11, ಬುಧವಾರ

ಬುಧವಾರ ಬುಧವಾರ ಕೊನೇ ಕೋಣೆಯಲ್ಲಿ ರೋಗಿಗಳ ಮನೆಯವರಿಗೆ ಕಾಲು ನೀವುವುದನ್ನು ಕಲಿಸುತ್ತಾರೆ. ಅವಳು ಬಂದಿರಲಿಲ್ಲ, ರಕ್ತದ ರಿಪೋರ್ಟ್ ತರಲು ನಾನೊಬ್ಬನೇ ಹೋಗಿದ್ದೆ. ಉಸಿರು ಸಿಸ್ಟರ್ ಕಾರಿಡಾರಿನಲ್ಲಿ ತೋಳು ಹಿಡಿದು ನಿಲ್ಲಿಸಿದಳು. ಹಾಲಿನ ಯಜಮಾನರೇ, ಒಳಗೆ ಬನ್ನಿ ಅಂದಳು. ಚುಚ್ಚಲಿಕ್ಕೇ ಅಂದದ್ದು. ಸಹಿಸಿಕೊಂಡೆ.

ಕಲಿಯಲು ಕಾಲು ಬೇಕಲ್ಲ. ಮೂಲೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದ. ಕೀಮೋಗೆ ಒಬ್ಬನೇ ಬಂದು ಒಬ್ಬನೇ ಹೋಗುವವನು. ಹಿಮ್ಮಡಿ ಒಡೆದು ಟಯರಿನ ಹಾಗಿತ್ತು. “ಕ್ಲಚ್ ಕಾಲು, ಹುಷಾರು” ಅಂದ. ಹೆಬ್ಬೆರಳು ಹೀಗೆ, ಅಂಗೈ ಹೀಗೆ, ಮೂಳೆಯ ಮೇಲೆ ಒತ್ತಬೇಡಿ, ನೀವೂ ಉಸಿರು ಬಿಡಿ ಅಂತ ಸಿಸ್ಟರ್ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಳು. ಇದರಿಂದ ಗಡ್ಡೆ ಕರಗುತ್ತದಾ ಅಂತ ಕೇಳಿದೆ. ಇಲ್ಲ ಅಂದಳು. ಮತ್ತೇನಾಗುತ್ತದೆ? ನಿದ್ದೆ ಬರುತ್ತದೆ, ಒಬ್ಬರು ಪಕ್ಕದಲ್ಲಿದ್ದಾರೆ ಅಂತ ಗೊತ್ತಾಗುತ್ತದೆ, ಅಷ್ಟೇ ಅಂದಳು. ಮಾರುವ ಬುದ್ಧಿಯೇ ಇಲ್ಲ ಈ ಹೆಂಗಸಿಗೆ.

ಡ್ರೈವರ್ ಗೊರಕೆ ಹೊಡೆದ. ಗಡಿಯಾರ ನೋಡಿದರೆ ನಲವತ್ತು ನಿಮಿಷವಾಗಿತ್ತು.

ಜೂನ್ 24, ಮಂಗಳವಾರ

ಐದನೆಯದು. ಅವಳು ಒಳಗೆ, ತಂಗಿ ಕುರ್ಚಿಯಲ್ಲಿ. ನಾನು ಕೊನೇ ಕೋಣೆಯಲ್ಲಿ ಡ್ರೈವರನ ಕಾಲು ನೋಡಿಕೊಂಡೆ. ಆಮೇಲೆ ಒಬ್ಬ ಅಜ್ಜಿಯದು. ಫೋನ್ ಮನೆಯಲ್ಲೇ ಮರೆತು ಬಂದದ್ದು ಸಂಜೆ ಗೊತ್ತಾಯಿತು.

ಜುಲೈ 15, ಮಂಗಳವಾರ

ಆರನೆಯದು. ಮುಗಿಯಿತು. ಡಾಕ್ಟರಮ್ಮ ಕೈ ಕುಲುಕಿದರು, ಅವಳ ಕೈ. ತಂಗಿ ನಾಳೆ ಊರಿಗೆ ಹೋಗುತ್ತಾಳೆ.

ಜುಲೈ 27, ಭಾನುವಾರ

ಊಟವಾದ ಮೇಲೆ ಅವಳು ಮಂಚದ ಮೇಲೆ ಕೂತು ಎರಡೂ ಕಾಲನ್ನು ತಾನೇ ಹಿಸುಕಿಕೊಳ್ಳುತ್ತಿದ್ದಳು. ಬೆರಳಿಗೆ ಬಲ ಸಾಲದು. ನಾನು ಬಾಗಿಲಲ್ಲಿದ್ದೆ.

“ಆ ಡ್ರೈವರಪ್ಪ ಹೇಳ್ತಿದ್ದ, ನಿಮ್ಮ ಕೈ ಪರವಾಗಿಲ್ಲವಂತೆ” ಅಂದಳು.

ಕೈ ತೊಳೆದು ಬಂದೆ. ಎಣ್ಣೆ ಬಾಟಲಿಯನ್ನು ಮೊದಲು ಅವಳಿಗೆ ಕೊಟ್ಟೆ. ಮುಚ್ಚಳ ತೆಗೆದು ಮೂಸಿದಳು. ಬೆಳಕಿಗೆ ಹಿಡಿದು ಚೀಟಿ ಓದಿದಳು.

“ಯಾರು ಕೊಟ್ಟಿದ್ದು?”

“ಉಸಿರು ಸಿಸ್ಟರ್.”

“ಡಾಕ್ಟರಿಗೆ ಗೊತ್ತಾ?”

“ಗೊತ್ತು. ಬೇಕಾದರೆ ಈಗಲೇ ಫೋನ್ ಮಾಡಿ ಕೇಳು.”

ಸ್ವಲ್ಪ ಹೊತ್ತು ಬಾಟಲಿ ಹಿಡಿದುಕೊಂಡೇ ಇದ್ದಳು. ಎಡಗಾಲು ಚಾಚಿದಳು. ಬಲಗಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಅವಳು ನಿದ್ದೆ ಹೋದ ಮೇಲೆ ಮೊದಲ ಪುಟಕ್ಕೆ ಖರ್ಚು ಬರೆದೆ. ಯಾರಿಗೆ ಏನು ದಕ್ಕಿತು ಅನ್ನುವುದು ಇಲ್ಲಿರಲಿ. ಡಾಕ್ಟರಮ್ಮನಿಗೆ, ಏಳು ಬೇರುಗಳ ಹೆಸರು. ಮೇಷ್ಟ್ರಿಗೆ, ಗಿರಾಕಿಗಳು ಅರ್ಧ ಕಡಿಮೆ, ಯಾಕೆಂದರೆ ಈಗ ಆಸ್ಪತ್ರೆಯ ಕಾಗದ ನೋಡದೆ ಡಬ್ಬಿ ಮುಟ್ಟುವುದಿಲ್ಲ. ನಿದ್ದೆ ಮಾತ್ರ ಪೂರ್ತಿ ಬರುತ್ತದಂತೆ. ಉಸಿರು ಸಿಸ್ಟರಿಗೆ, ಬುಧವಾರಕ್ಕೆ ಸಂಬಳವಿಲ್ಲದ ಒಬ್ಬ ಆಳು. ಸಂತೆಬೀದಿಯ ಟೈಲರಿಗೆ, ಹನ್ನೊಂದು ಗಿರಾಕಿ. ಅಳತೆ ಪುಸ್ತಕ ವಾಪಸು ಬಂದರೂ ಅವರು ವಾಪಸು ಬರಲಿಲ್ಲ. ಅವಳಿಗೆ, ಸರಿಹೋದ ಲಿವರು, ಗಡ್ಡೆಯ ಸುಳಿವಿಲ್ಲದ ಸ್ಕ್ಯಾನು, ಹತ್ತರಲ್ಲಿ ಜೋಮು ಬಿಟ್ಟ ಏಳು ಬೆರಳು.

ನನಗೆ, ಎಡಗಾಲು.